ಹದಿನೇಳನೇ ನಂಬರಿನ ಕೋಶಗಳು

ಎಂಟು ವರ್ಷದ ಕೋರ್ಸು ಎಂದು ಅರ್ಜಿಯಲ್ಲೇ ಅಚ್ಚು ಹಾಕಿದ್ದರು. ಮೊದಲ ಎರಡು ವರ್ಷ ಉಳಿದೆಲ್ಲರ ಜೊತೆ ವೈದ್ಯಕೀಯ ಓದಬೇಕು. ಆಮೇಲೆ ನಾಲ್ಕು ವರ್ಷ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಮೇಲೆ ಸಂಶೋಧನೆ ಮಾಡಿ ಪಿಎಚ್‌ಡಿ ತೆಗೆದುಕೊಳ್ಳಬೇಕು. ಅದು ಮುಗಿದ ಮೇಲೆ ಮತ್ತೆ ವಾರ್ಡಿಗೆ ಮರಳಿ ಡಾಕ್ಟರಿಕೆಯ ಉಳಿದೆರಡು ವರ್ಷ ಪೂರೈಸಬೇಕು. ಆ ಸಲ ಕಾಲೇಜಿನಲ್ಲಿ ಇದಕ್ಕೆ ಸೇರಿದವಳು ಅವಳೊಬ್ಬಳೇ. ಒಂದು ತಲೆಗೆ ಎರಡು ಓದು ಕಟ್ಟಿಕೊಂಡಿದ್ದಾಳೆಂದು ಸಹಪಾಠಿಗಳು ಮೊದಲ ವಾರದಲ್ಲೇ ‘ಜೋಡಿ’ ಎಂದು ಹೆಸರಿಟ್ಟರು. ಲೇವಡಿಗೆಂದೇ ಇಟ್ಟದ್ದು. ಅವಳು ಮುಖ ಗಂಟಿಕ್ಕದೆ ‘ಓ’ ಎಂದು ಓಗೊಟ್ಟುಬಿಟ್ಟಳು. ಅಲ್ಲಿಂದ ಆ ಹೆಸರೇ ನಿಂತಿತು. ಹಾಜರಿ ಕರೆಯುವ ಗುಮಾಸ್ತರೂ ಒಮ್ಮೆ ಬಾಯಿತಪ್ಪಿ ಹಾಗೇ ಕರೆದರು.

ಜೋಡಿಯ ಅಪ್ಪ ಲಿಫ್ಟ್ ಮೆಕ್ಯಾನಿಕ್. ಊರಿನ ನಲವತ್ತೆರಡು ಕಟ್ಟಡಗಳ ಲಿಫ್ಟುಗಳು ಅವನ ಕೈಯಲ್ಲಿದ್ದವು. ಅಮ್ಮ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದಳು. ಗಾಜಿನ ಕಿಂಡಿಯ ಹಿಂದೆ ಇಪ್ಪತ್ತೆಂಟು ವರ್ಷ ಕೂತು, ಯಾರು ಏನು ಕೇಳಿದರೂ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸುವುದು ಅವಳಿಗೆ ರೂಢಿಯಾಗಿತ್ತು. ಮಗಳದ್ದು ಎಲ್ಲಿಗೆ ಬಂತು ಎಂದು ನಂಟರು ಕೇಳಿದರೆ ಓದ್ತಾ ಇದಾಳೆ ಎನ್ನುತ್ತಿದ್ದಳು. ಇನ್ನೂನಾ ಎಂದರೆ, ಇನ್ನೂ. ‘ಮುಂದಿನವರು ಬನ್ನಿ’ ಎನ್ನುವುದೊಂದು ಬಾಕಿ ಉಳಿಯುತ್ತಿತ್ತು.

ಎರಡು ವರ್ಷದ ವೈದ್ಯಕೀಯ ಮುಗಿಸಿ ಜೋಡಿ ಸೇರಿದ ಪ್ರಯೋಗಾಲಯ ಆಸ್ಪತ್ರೆಯ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಕಿಟಕಿಯಿಂದ ನೋಡಿದರೆ ಆಸ್ಪತ್ರೆಯ ಲಾಂಡ್ರಿ ಮತ್ತು ತಾರಸಿ ತುಂಬ ಒಣಹಾಕಿದ ಹಸಿರು ಬಟ್ಟೆ. ಒಳಗೆ ಸ್ಪಿರಿಟ್ಟಿನ ವಾಸನೆ, ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಗುಂಯ್‌ಗುಡುವ ಇನ್‌ಕ್ಯುಬೇಟರುಗಳು, ಅವುಗಳೊಳಗೆ ಚಪ್ಪಟೆ ಫ್ಲಾಸ್ಕುಗಳಲ್ಲಿ ತೆಳು ಗುಲಾಬಿ ಬಣ್ಣದ ದ್ರವ. ಆ ದ್ರವದಲ್ಲಿ ಬೆಳೆಯುತ್ತಿದ್ದವು ಹದಿನೇಳನೇ ನಂಬರಿನ ಕೋಶಗಳು. ಮೂವತ್ತು ವರ್ಷದ ಹಿಂದೆ, ಆ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಪ್ರೊಫೆಸರ ಗುರುಗಳು, ಪಿತ್ತಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಅರವತ್ತೊಂದು ವರ್ಷದ ಗಂಡಸೊಬ್ಬನ ಗೆಡ್ಡೆಯಿಂದ ತೆಗೆದು ಬೆಳೆಸಿದ ಕೋಶಗಳು ಅವು. ಆ ಮನುಷ್ಯ ಮಣ್ಣಾಗಿ ಮೂರು ದಶಕವಾದರೂ ಅವನ ಕಾಯಿಲೆ ಮಾತ್ರ ಇಲ್ಲಿ ಉಂಡುಟ್ಟು ಬೆಳೆಯುತ್ತಲೇ ಇತ್ತು. ಬೇರೆ ಬೇರೆ ದೇಶದವರು ಕಾಗದ ಬರೆದು ಅದರ ಒಂದೊಂದು ಟ್ಯೂಬು ತರಿಸಿಕೊಳ್ಳುತ್ತಿದ್ದರು.

ಪ್ರೊಫೆಸರು ಮೆತ್ತಗಿನ ಮನುಷ್ಯ. ಯಾರನ್ನೂ ಗದರಿಸಿದವರಲ್ಲ. ಗುರುಗಳ ಫೋಟೋ ಅವರ ಕುರ್ಚಿಯ ಹಿಂದೆ ನೇತಾಡುತ್ತಿತ್ತು. ಹದಿನೇಳರ ಮೇಲೆ ಹನ್ನೆರಡು ವರ್ಷ ಕೆಲಸ ಮಾಡಿ ಅವರು ಒಂದು ಔಷಧಿ ಕಂಡುಹಿಡಿದಿದ್ದರು. ಫ್ಲಾಸ್ಕಿಗೆ ಅದರ ನಾಲ್ಕು ಹನಿ ಬಿಟ್ಟರೆ ಮೂರು ದಿನದಲ್ಲಿ ಕೋಶಗಳೆಲ್ಲ ಸತ್ತು, ತಳದಿಂದ ಕಳಚಿಕೊಂಡು ತೇಲುತ್ತಿದ್ದವು. ಏಳು ಪ್ರಬಂಧಗಳು ಅಚ್ಚಾಗಿದ್ದವು. ಪಕ್ಕದ ಆಸ್ಪತ್ರೆಯಲ್ಲಿ ಹನ್ನೆರಡು ರೋಗಿಗಳಿಗೆ ಅದನ್ನು ಕೊಟ್ಟುನೋಡುವ ಸಿದ್ಧತೆ ನಡೆದಿತ್ತು. ಆ ಔಷಧಿ ಕೋಶಗಳನ್ನು ಹೇಗೆ ಕೊಲ್ಲುತ್ತದೆ ಎಂದು ತೋರಿಸುವುದೇ ಜೋಡಿಯ ಥೀಸಿಸ್ಸು.

ಪ್ರಯೋಗಾಲಯ ಸೇರಿದವರು ರೋಗಿಗಳ ಮುಖ ಮರೆಯಬಾರದೆಂದು ವಾರಕ್ಕೆ ಒಂದು ಬೆಳಿಗ್ಗೆ ವಾರ್ಡಿಗೆ ಹೋಗಬೇಕೆಂಬ ನಿಯಮವಿತ್ತು. ಜೋಡಿಯದು ಗುರುವಾರ. ಹಾಗೆ ಹೋದಾಗ ಅವಳಿಗೆ ಸಿಕ್ಕವರು ಈಜು ಮೇಷ್ಟ್ರು. ಐವತ್ತನಾಲ್ಕು ವರ್ಷ, ಸಾರ್ವಜನಿಕ ಈಜುಕೊಳದಲ್ಲಿ ಎರಡು ತಲೆಮಾರಿನ ಮಕ್ಕಳನ್ನು ನೀರಿಗೆ ನೂಕಿ ಮೇಲೆತ್ತಿದವರು. ಕಣ್ಣು ಅರಿಶಿನದಷ್ಟು ಹಳದಿಯಾಗಿತ್ತು. ಕಾಯಿಲೆ ಪಿತ್ತಕೋಶದಿಂದ ಪಿತ್ತಜನಕಾಂಗಕ್ಕೆ ಹಬ್ಬಿತ್ತು. ಹೊಸ ಔಷಧಿಯ ಹನ್ನೆರಡು ಜನರ ಪಟ್ಟಿಯಲ್ಲಿ ಮೂರನೆಯ ಹೆಸರು ಅವರದು. ಒಪ್ಪಿಗೆ ಪತ್ರದ ಹದಿನಾಲ್ಕು ಹಾಳೆಯನ್ನೂ ಕನ್ನಡಕ ಹಾಕಿಕೊಂಡು ಓದಿ, ಅವರು ಜೋಡಿಯನ್ನು ಒಂದೇ ಪ್ರಶ್ನೆ ಕೇಳಿದರು. ಈ ಔಷಧಿ ತಮ್ಮದೇ ಕಾಯಿಲೆಯ ಮೇಲೆ ಪರೀಕ್ಷೆಯಾಗಿದೆಯೋ, ಇಲ್ಲ ಇನ್ಯಾವುದೋ ಕಾಯಿಲೆಯ ಮೇಲೋ?

“ನಿಮ್ಮದೇ ಕಾಯಿಲೆ ಸಾರ್. ನಾನೇ ಕೈಯಾರೆ ಮಾಡಿದೀನಿ,” ಎಂದಳು ಜೋಡಿ.

ಅವರು ಪೆನ್ನು ಕೇಳಿ ಸಹಿ ಹಾಕಿದರು.

ಆ ಹೊತ್ತಿಗೆ ಜೋಡಿಗೆ ಒಂದು ತಲೆನೋವು ಶುರುವಾಗಿ ಆರು ತಿಂಗಳಾಗಿತ್ತು. ಹದಿನೇಳರ ಮೇಲೆ ಮಾಡಿದ್ದನ್ನೇ ನಿಜವಾದ ರೋಗಿಗಳ ಗೆಡ್ಡೆಯ ಮೇಲೂ ತೋರಿಸಿದರೆ ಥೀಸಿಸ್ಸಿಗೆ ತೂಕ ಬರುತ್ತದೆಂದು ಅವಳು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕಾಯುತ್ತಿದ್ದಳು. ಸರ್ಜನ್ನರು ಕೊಟ್ಟ ಚೂರನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಓಡಿಬಂದು, ತೆಳ್ಳಗೆ ಕೊಯ್ದು, ಔಷಧಿ ಹನಿಸುತ್ತಿದ್ದಳು. ಏನೂ ಆಗುತ್ತಿರಲಿಲ್ಲ. ಔಷಧಿಯ ಬದಲು ಬರೀ ನೀರು ಬಿಟ್ಟಂತೆ ಆ ಚೂರುಗಳು ತಣ್ಣಗೆ ಕೂತಿರುತ್ತಿದ್ದವು. ಒಬ್ಬರದಲ್ಲ, ಇಬ್ಬರದಲ್ಲ, ಹನ್ನೊಂದು ಜನರದ್ದು. ನಿನ್ನ ಕೈ ಇನ್ನೂ ಪಳಗಿಲ್ಲ ಎಂದು ಪ್ರೊಫೆಸರು ಸಮಾಧಾನ ಹೇಳಿದರು. ಹನ್ನೊಂದು ಸಲ ಒಂದೇ ರೀತಿ ತಪ್ಪುವ ಕೈ ಎಂಥದ್ದು ಎಂದು ಜೋಡಿ ತನ್ನ ಬೆರಳುಗಳನ್ನೇ ನೋಡಿಕೊಂಡಳು.

ಕೊನೆಗೆ ಹದಿನೇಳನ್ನೂ ರೋಗಿಗಳ ಚೂರನ್ನೂ ಪಕ್ಕಪಕ್ಕ ಇಟ್ಟು ನೋಡೋಣವೆಂದು ಅವಳು ಎರಡನ್ನೂ ಪೆಥಾಲಜಿ ವಿಭಾಗಕ್ಕೆ ಒಯ್ದಳು. ಅಲ್ಲಿನ ಹಿರಿಯ ಟೆಕ್ನಿಷಿಯನ್ನಳನ್ನು ಇಡೀ ಆಸ್ಪತ್ರೆ ಸ್ಲೈಡಕ್ಕ ಎನ್ನುತ್ತಿತ್ತು. ಇಪ್ಪತ್ತಾರು ವರ್ಷದಿಂದ ಮನುಷ್ಯರ ಒಳಗನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಕೂರಿಸಿದವಳು. ವರದಿಗೆ ಸಹಿ ಹಾಕುವ ಅಧಿಕಾರ ಅವಳಿಗಿರಲಿಲ್ಲ. ಆದರೆ ಸಹಿ ಹಾಕುವ ಮೊದಲು ಡಾಕ್ಟರುಗಳು ಓರೆಗಣ್ಣಿನಿಂದ ಅವಳ ಮುಖ ನೋಡುತ್ತಿದ್ದರು. ಸ್ಲೈಡಕ್ಕ ರೋಗಿಗಳ ಸ್ಲೈಡು ನೋಡಿ ತಲೆಯಾಡಿಸಿದಳು. ಹದಿನೇಳರ ಸ್ಲೈಡು ಇಟ್ಟು ಬಹಳ ಹೊತ್ತು ನೋಡಿದಳು.

“ಯಾರ ಮನೆ ಕೂಸನ್ನ ತಂದು ಯಾರ ತೊಟ್ಟಿಲಲ್ಲಿ ಮಲಗಿಸಿದೀರಮ್ಮ?” ಎಂದಳು.

ಪಿತ್ತಕೋಶದ ಕೋಶಗಳು ಎಷ್ಟು ಕೆಟ್ಟರೂ ಒಂದಕ್ಕೊಂದು ಅಂಟಿಕೊಂಡು ಕೊಳವೆ ಕಟ್ಟಲು ನೋಡುತ್ತವೆ. ಇವಕ್ಕೆ ಆ ನೆನಪೇ ಇಲ್ಲ ಎಂದು ವಿವರಿಸಿದಳು. ಮುಂಚೆ ಯಾಕೆ ಹೇಳಲಿಲ್ಲ ಎಂದರೆ, ಮುಂಚೆ ಯಾರೂ ತಂದು ತೋರಿಸಿರಲಿಲ್ಲ. ಮೂರನೇ ಮಹಡಿಯವರು ಪೆಥಾಲಜಿಯ ಮೆಟ್ಟಿಲು ಇಳಿದದ್ದೇ ಅವಳು ಕಂಡಿರಲಿಲ್ಲ.

ಕೋಶ ಯಾರದ್ದೆಂದು ಗುರುತು ಹಿಡಿಯುವ ಪರೀಕ್ಷೆ ಇದೆ. ಬೆರಳಚ್ಚಿನ ಹಾಗೆ. ಜೋಡಿ ಒಂದು ಟ್ಯೂಬನ್ನು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿದಳು. ಹತ್ತು ದಿನಕ್ಕೆ ಒಂದು ಹಾಳೆ ಬಂತು. ಅದನ್ನು ಅವಳು ಮೆಟ್ಟಿಲ ಮೇಲೇ ಓದಿ, ಅಲ್ಲೇ ಕೂತಳು. ಹದಿನೇಳು ಗಂಡಸೇ ಅಲ್ಲ. ಅದು ಹೆಂಗಸೊಬ್ಬಳ ಗರ್ಭಕಂಠದ ಕ್ಯಾನ್ಸರಿನ ಕೋಶ. ಎಷ್ಟೋ ಪ್ರಯೋಗಾಲಯಗಳಲ್ಲಿ ಬೆಳೆಸುವ, ಕಳೆಯ ಹಾಗೆ ನುಗ್ಗಿ ಬೆಳೆಯುವ ತಳಿ. ಎಂದೋ ಒಂದು ದಿನ ಯಾರದೋ ಕೈಯ ಒಂದು ಹನಿ ತಪ್ಪಿ ಬಿದ್ದು, ಅದು ಇನ್ನೊಬ್ಬರ ಫ್ಲಾಸ್ಕು ಹೊಕ್ಕು, ಮನೆಯವರನ್ನೇ ಹೊರಗೆ ಹಾಕಿ ತಾನು ಕೂತಿತ್ತು.

ಕೋಶಗಳನ್ನು ಹೆಪ್ಪುಗಟ್ಟಿಸಿಡುವ ನೈಟ್ರೋಜನ್ ಟ್ಯಾಂಕಿನ ತಳದಲ್ಲಿ ಗುರುಗಳ ಕೈಬರಹದ ಚೀಟಿಯಿದ್ದ ತೀರ ಹಳೆಯ ಟ್ಯೂಬೊಂದಿತ್ತು. ಅದನ್ನೂ ಕರಗಿಸಿ ಕಳಿಸಿದಳು. ಉತ್ತರ ಅದೇ. ಮೊದಲಿನಿಂದಲೂ ಹಾಗೇ ಇತ್ತು.

ಎರಡು ಹಾಳೆಗಳನ್ನೂ ಹಿಡಿದು ಅವಳು ಪ್ರೊಫೆಸರ ಕೋಣೆಗೆ ಹೋದಳು. ಅವರು ಓದಿ, ಎದ್ದು ಬಾಗಿಲು ಹಾಕಿ, ಬಂದು ಮತ್ತೆ ಓದಿದರು. ಆ ಕ್ಷಣ ಅವರ ಮೇಲೆ ಅವಳಿಗೆ ಮರುಕ ಹುಟ್ಟಿತು. ಅವರೂ ಮೋಸ ಹೋದವರೇ. ಆದರೆ ಬಾಯಿ ತೆರೆದಾಗ ಅವರು ಹೇಳಿದ್ದು ಬೇರೆ. ಔಷಧಿ ಕೆಲಸ ಮಾಡಿದರೂ ಮಾಡಬಹುದು, ರೋಗಿಗಳಿಗೆ ಕೊಟ್ಟರೆ ಅದೂ ಗೊತ್ತಾಗುತ್ತದೆ. ಹನ್ನೆರಡು ವರ್ಷದ ಕೆಲಸ, ಆರು ಜನರ ಥೀಸಿಸ್ಸು, ಗುರುಗಳ ಹೆಸರು, ಎಲ್ಲ ಇದರ ಮೇಲೆ ನಿಂತಿದೆ. ನೀನು ಮುಂದಿನ ತಿಂಗಳೇ ವೈದ್ಯಕೀಯಕ್ಕೆ ಮರಳು. ಒಳ್ಳೆಯ ಡಾಕ್ಟರಾಗುತ್ತೀಯ. ಪತ್ರ ನಾನು ಬರೆದುಕೊಡುತ್ತೇನೆ. ಸಂಶೋಧನೆ ಎಲ್ಲರಿಗೂ ಒಗ್ಗುವುದಿಲ್ಲ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

“ಹನ್ನೆರಡು ಜನ ಸಹಿ ಹಾಕಿದಾರೆ ಸಾರ್,” ಎಂದಳು ಜೋಡಿ.

“ಅದು ನಿನ್ನ ಜವಾಬ್ದಾರಿ ಅಲ್ಲಮ್ಮ.”

“ಒಬ್ಬರಿಗೆ ನಾನೇ ಬಾಯಿಬಿಟ್ಟು ಹೇಳಿದೀನಿ, ನಿಮ್ಮದೇ ಕಾಯಿಲೆ ಮೇಲೆ ಪರೀಕ್ಷೆ ಆಗಿದೆ ಅಂತ.”

ಪ್ರೊಫೆಸರು ಹಾಳೆಗಳನ್ನು ತಮ್ಮ ಡ್ರಾಯರಿಗೆ ಹಾಕಿಕೊಂಡರು. ಅವಳ ಬಳಿ ಇನ್ನೊಂದು ಪ್ರತಿ ಇರುತ್ತದೆಂದು ಅವರಿಗೂ ಗೊತ್ತಿತ್ತು.

ಆ ಭಾನುವಾರ ಅವಳು ಮನೆಗೆ ಬಂದಾಗ ಅಪ್ಪ ನೆಲದ ಮೇಲೆ ಕೂತು ಬ್ರೇಕಿನ ಬಿಡಿಭಾಗವೊಂದನ್ನು ಎಣ್ಣೆಯಲ್ಲಿ ತೊಳೆಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅಮ್ಮ ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದಳು. ಅಪ್ಪ ಬಟ್ಟೆಯಿಂದ ಬೆರಳು ಒರೆಸುತ್ತ ಕೇಳಿಸಿಕೊಂಡ. ಅವನ ಮುಖದಲ್ಲಿ ಗಾಬರಿ ಇತ್ತು. ಐದು ವರ್ಷ ಸವೆದಿತ್ತು, ಮಗಳ ಕೈಯಲ್ಲಿ ಇನ್ನೂ ಒಂದು ಡಿಗ್ರಿಯೂ ಇರಲಿಲ್ಲ.

“ಸುಮ್ಮನಿದ್ರೆ ಏನಾಗತ್ತೆ?” ಎಂದು ಅಮ್ಮ ಕೇಳಿದಳು. ಕೆಣಕಿ ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು.

ಸುಮ್ಮನಿದ್ದರೆ ತಾನು ಡಾಕ್ಟರಾಗುತ್ತೇನೆ, ಹನ್ನೆರಡು ಜನ ತಮಗೆ ಉಳಿದ ನಾಲ್ಕಾರು ತಿಂಗಳನ್ನು ಒಂದು ಸುಳ್ಳಿನ ಮೇಲೆ ವಾಂತಿ ಮಾಡಿಕೊಂಡು ಕಳೆಯುತ್ತಾರೆ ಎಂದಳು ಜೋಡಿ.

ಅಪ್ಪ ಒಂದು ಹಳೆಯ ಕತೆ ಹೇಳಿದ. ಹೊಸ ಕಟ್ಟಡವೊಂದರ ಲಿಫ್ಟಿಗೆ ಭಾರದ ಪರೀಕ್ಷೆ ಮಾಡದೆಯೇ ಸಹಿ ಹಾಕು ಎಂದು ಮಾಲೀಕ ಬೆನ್ನು ಹತ್ತಿದ್ದನಂತೆ. ಅಪ್ಪ ಹಾಕಲಿಲ್ಲ. ಮಾಲೀಕ ಬೇರೆಯವನಿಂದ ಹಾಕಿಸಿಕೊಂಡ. ಆ ಲಿಫ್ಟು ಇವತ್ತಿನವರೆಗೂ ಸರಿಯಾಗೇ ಓಡುತ್ತಿದೆ, ಯಾರಿಗೂ ಏನೂ ಆಗಿಲ್ಲ.

“ಮತ್ತೆ?” ಎಂದಳು ಜೋಡಿ. ಕತೆ ಹಾಗೆ ಮುಗಿಯುತ್ತದೆಂದು ಅವಳು ಎಣಿಸಿರಲಿಲ್ಲ.

“ಮತ್ತೇನೂ ಇಲ್ಲ. ಇವತ್ತು ಕೇಳಿದ್ರೂ ಹಾಕಲ್ಲ,” ಎಂದ ಅಪ್ಪ. “ಸೈನ್ ಹಾಕೋ ತನಕ ಲಿಫ್ಟು ಅವರದು. ಹಾಕಿದ ಮೇಲೆ ನನ್ನದು.”

ಗುರುವಾರ ಅವಳು ಈಜು ಮೇಷ್ಟ್ರ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ತಾನು ಅಂದು ಹೇಳಿದ ಮಾತು ತಪ್ಪು, ತನಗೆ ಆಗ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ, ಆದ್ದರಿಂದ ಆ ಮಾತನ್ನು ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ ಎಂದಳು. ಅವರು ಧನ್ಯವಾದ ಹೇಳುತ್ತಾರೆಂದು ಅವಳು ಅಂದುಕೊಂಡಿರಲಿಲ್ಲ. ಆದರೆ ಅಷ್ಟೊಂದು ಸಿಟ್ಟನ್ನೂ ಎದುರುನೋಡಿರಲಿಲ್ಲ. ಅವರ ಹಳದಿ ಕಣ್ಣು ಕೆಂಪಾಯಿತು.

“ನನ್ನ ಹತ್ರ ಇದ್ದದ್ದೇ ಅದೊಂದು,” ಎಂದರು. “ಅದನ್ನೂ ಕಿತ್ಕೊಳ್ಳೋಕೆ ಬಂದ್ಯಾ? ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ನನ್ನ ಮೇಲೆ ತಂದು ಸುರೀತಿದೀಯಾ?”

ಅವಳು ಅಲ್ಲ ಎನ್ನಲಿಲ್ಲ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಎದ್ದುಹೋಗು ಎಂದು ಅವರು ಹೇಳುವವರೆಗೂ ಕೂತಿದ್ದು, ಹೇಳಿದ ಮೇಲೆ ಎದ್ದುಹೋದಳು. ಹೊರಗೆ ಬಂದು ಕೈ ತೊಳೆಯುವ ಬೇಸಿನ್ನಿನ ಮುಂದೆ ನಿಂತು ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲೆ ಮುಖ ತೊಳೆದು ಗ್ರಂಥಾಲಯಕ್ಕೆ ಹೋಗಿ, ರೋಗಿಗಳ ಮೇಲೆ ನಡೆಯುವ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಸಮಿತಿಗೆ ಪತ್ರ ಬರೆದಳು. ಒಂದೂವರೆ ಪುಟ. ಯಾರ ಮೇಲೂ ದೂರಿರಲಿಲ್ಲ. ಏನು ಮಾಡಿದೆ, ಏನು ಕಂಡಿತು, ಹಾಳೆಗಳು ಲಗತ್ತಿಸಿವೆ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.

ಮೂರನೇ ದಿನ ಅವಳ ಕಾರ್ಡಿಗೆ ಪ್ರಯೋಗಾಲಯದ ಬಾಗಿಲು ತೆರೆಯಲಿಲ್ಲ. ತಾಂತ್ರಿಕ ತೊಂದರೆ ಇರಬಹುದೆಂದು ಕಾವಲಿನವನು ಬೇರೆಡೆ ನೋಡುತ್ತ ಹೇಳಿದ. ಅವಳ ಸಾಮಾನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮೊಗಸಾಲೆಗೆ ಬಂದಿತ್ತು. ಅದೇ ಪ್ರಯೋಗಾಲಯದಲ್ಲಿ ಹದಿನೇಳರ ಮೇಲೆ ಥೀಸಿಸ್ಸು ಬರೆದು ಮುಗಿಸುವುದರಲ್ಲಿದ್ದ ಸೀನಿಯರೊಬ್ಬ ಮೆಟ್ಟಿಲ ಹತ್ತಿರ ಎದುರಾದ. ಮೂರು ವರ್ಷ ಅವಳಿಗೆ ಪೈಪೆಟ್ಟು ಹಿಡಿಯುವುದರಿಂದ ಹಿಡಿದು ಎಲ್ಲ ಹೇಳಿಕೊಟ್ಟವನು. ನೋಡಿಯೂ ನೋಡದಂತೆ ಹೋದ. ಆಮೇಲೆ ಅವನು ಅವಳೊಡನೆ ಮಾತಾಡಲೇ ಇಲ್ಲ. ಎಲ್ಲಕ್ಕಿಂತ ಹೆಚ್ಚು ಅವಳನ್ನು ಚುಚ್ಚಿದ್ದು ಅದು.

ಪೆಟ್ಟಿಗೆ ಹೊತ್ತುಕೊಂಡು ಅವಳು ಪೆಥಾಲಜಿಗೆ ಇಳಿದಳು. ಸ್ಲೈಡಕ್ಕ ರೋಗಿಗಳ ಚೂರುಗಳನ್ನು ಹುದುಗಿಸಿಟ್ಟ ಹಳೆಯ ಮೇಣದ ಅಚ್ಚುಗಳನ್ನು ಪೇರಿಸಿಟ್ಟಿದ್ದ ಮೂಲೆಯೊಂದನ್ನು ಖಾಲಿ ಮಾಡಿ, ಮುಖ್ಯಸ್ಥರನ್ನು ತಾನೇ ಕೇಳಿ ಒಪ್ಪಿಸುತ್ತೇನೆ ಎಂದಳು. ಒಪ್ಪಿಸಿದಳು ಕೂಡ. ಹೇಗೆಂದು ಕೇಳಿದರೆ, ಇಪ್ಪತ್ತಾರು ವರ್ಷದಲ್ಲಿ ಮೊದಲನೇ ಸಲ ಬಾಯಿಬಿಟ್ಟು ಏನಾದರೂ ಕೇಳಿದ್ದು, ಇಲ್ಲ ಅನ್ನೋಕೆ ಅವರಿಗೆ ನಾಚಿಕೆಯಾಗಿರಬೇಕು ಎಂದಳು.

ಸಮಿತಿ ಅವಳನ್ನು ಕರೆಯಿತು. ಉದ್ದನೆಯ ಮೇಜು, ಒಂಬತ್ತು ಜನ, ಪ್ರತಿಯೊಬ್ಬರ ಮುಂದೂ ಮುಚ್ಚಳ ಹಾಕಿದ ನೀರಿನ ಲೋಟ. ಪ್ರೊಫೆಸರು ಒಂದು ತುದಿಯಲ್ಲಿ ಕೂತಿದ್ದರು. ಡೀನರು ಮಧ್ಯದಲ್ಲಿ. ಮಾತೆಲ್ಲ ಅವಳ ಕೈಚಳಕದ ಮೇಲೆ, ಅನುಭವದ ಮೇಲೆ, ಒಂದು ಪತ್ರದಿಂದ ಸಂಸ್ಥೆಗೆ ಬರಬಹುದಾದ ಕೆಟ್ಟ ಹೆಸರಿನ ಮೇಲೆ ಸುತ್ತಿತು. ಕೋಶಗಳ ಮಾತನ್ನು ಯಾರೂ ಎತ್ತಲಿಲ್ಲ. ಅವಳಿಗೆ ಬರುವ ಮೊದಲು ಇದ್ದ ಭಯ ನಿಧಾನವಾಗಿ ಇಳಿದು, ಅದರ ಜಾಗದಲ್ಲಿ ಒಂದು ಬಗೆಯ ಬಿಸಿ ಏರತೊಡಗಿತು.

ಡೀನರು ಕನ್ನಡಕ ತೆಗೆದು ಕೇಳಿದರು. “ನೀವು ಡಾಕ್ಟರ್ ಆಗಿಲ್ಲ. ಪಿಎಚ್‌ಡಿನೂ ಆಗಿಲ್ಲ. ಇಲ್ಲಿ ಕೂತಿರೋರ ಮುಂದೆ ಯಾವ ಅರ್ಹತೆ ಮೇಲೆ ಮಾತಾಡ್ತಿದೀರಿ?”

“ಪರೀಕ್ಷೆ ಮಾಡಿದವಳು ಅನ್ನೋ ಅರ್ಹತೆ ಮೇಲೆ ಸಾರ್,” ಎಂದಳು ಜೋಡಿ. “ಇಲ್ಲಿರೋ ಒಂಬತ್ತು ಜನರಲ್ಲಿ ಅದನ್ನ ಮಾಡಿದವರು ಇನ್ಯಾರೂ ಇಲ್ಲ. ನನ್ನ ಮೇಲೆ ನಂಬಿಕೆ ಇಡೋದು ಬೇಡ. ನೀವೇ ಟ್ಯಾಂಕಿನಿಂದ ತೆಗೀರಿ, ನೀವೇ ಕಳಿಸಿ. ನನ್ನ ಕೈ ಸೋಕೋದೇ ಬೇಡ. ನಾನು ಹೇಳಿದ್ದು ಸುಳ್ಳಾದ್ರೆ ಅವತ್ತೇ ನನ್ನ ಹೆಸರು ಹೊಡೆದುಹಾಕಿ. ಉತ್ತರ ಬರೋ ತನಕ ಒಬ್ಬರಿಗೂ ಔಷಧಿ ಕೊಡಬೇಡಿ.”

ಪ್ರೊಫೆಸರು ಅವಳನ್ನು ನೋಡಲಿಲ್ಲ. ಹೊರಗಿನಿಂದ ಬಂದಿದ್ದ ಸದಸ್ಯರೊಬ್ಬರು, ನಿವೃತ್ತ ನರ್ಸು, ಈ ಹುಡುಗಿ ಕೇಳುತ್ತಿರುವುದು ತುಂಬ ಸಣ್ಣ ವಿಷಯ, ಅಷ್ಟು ಮಾಡಲು ನಮಗೇನು ಕಷ್ಟ ಎಂದು ಕೇಳಿದರು. ಸಮಿತಿಯೇ ಮೂರು ಟ್ಯೂಬು ತೆಗೆದು ಎರಡು ಬೇರೆ ಬೇರೆ ಕಡೆಗೆ ಕಳಿಸಿತು. ಒಂಬತ್ತನೇ ದಿನ ಉತ್ತರ ಬಂತು. ಗಂಡಸಿನದಲ್ಲ, ಪಿತ್ತಕೋಶದ್ದಲ್ಲ. ಅವತ್ತೇ ಔಷಧಿಯ ಪ್ರಯೋಗ ನಿಂತಿತು.

ಗೆದ್ದಳೆಂದು ಯಾರೂ ಬಂದು ಕೈ ಕುಲುಕಲಿಲ್ಲ. ಡೀನರು ಕರೆಸಿಕೊಂಡು ತುಂಬ ಮರ್ಯಾದೆಯಿಂದ ಮಾತಾಡಿದರು. ನಿಮ್ಮ ಥೀಸಿಸ್ಸಿನ ಬುಡವೇ ಹೋಗಿದೆ, ಗೈಡೂ ಇಲ್ಲ, ಮೊದಲಿನಿಂದ ಶುರು ಮಾಡಿದರೆ ಇನ್ನೂ ಎರಡು ಮೂರು ವರ್ಷ ಬೇಕು. ಪಿಎಚ್‌ಡಿ ಬಿಟ್ಟು ನೇರ ವಾರ್ಡಿಗೆ ಹೋಗಿ, ಎರಡೇ ವರ್ಷಕ್ಕೆ ಡಾಕ್ಟರಾಗಿ ಆಚೆ ಬನ್ನಿ. ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ. ಅವರು ಮುಂದೆ ತಳ್ಳಿದ ಹಾಳೆಯಲ್ಲಿ ಅವಳ ಹೆಸರು ಆಗಲೇ ಟೈಪಾಗಿತ್ತು.

ಜೋಡಿ ಹಾಳೆಯನ್ನು ಓದಿ, ತಿರುಗಿಸಿ ಅವರ ಕಡೆಗೇ ಸರಿಸಿದಳು. “ಎರಡಕ್ಕೆ ಅಂತ ಬಂದಿದ್ದೆ ಸಾರ್. ಎರಡೂ ತಗೊಂಡೇ ಹೋಗ್ತೀನಿ.”

ಮುಂದಿನ ಎರಡೂವರೆ ವರ್ಷ ಅವಳು ಕಳೆದದ್ದು ಪೆಥಾಲಜಿಯ ಆ ಮೂಲೆಯಲ್ಲಿ. ಪೆಥಾಲಜಿಯ ಮುಖ್ಯಸ್ಥರು ಹೆಸರಿಗೆ ಗೈಡ್ ಆಗಲು ಒಪ್ಪಿದರು. ಎರವಲು ತಂದ ಇನ್‌ಕ್ಯುಬೇಟರಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ; ಅಪ್ಪ ಬಂದು ಅದಕ್ಕೆ ಲಿಫ್ಟಿನ ಬಾಗಿಲಿನ ರಬ್ಬರು ಕೂರಿಸಿಕೊಟ್ಟ. ರೋಗಿಗಳ ಗೆಡ್ಡೆಯಿಂದಲೇ ಹೊಸದಾಗಿ, ಸರಿಯಾದ ಕೋಶಗಳನ್ನು ಬೆಳೆಸಬೇಕಿತ್ತು. ಸುಲಭದ ಮಾತಲ್ಲ. ದೇಹದೊಳಗೆ ಮನುಷ್ಯನನ್ನೇ ತಿಂದುಹಾಕುವ ಕೋಶಗಳು ಗಾಜಿನೊಳಗೆ ಬಂದರೆ ಮೂರು ದಿನಕ್ಕೆ ಮುನಿಸಿಕೊಂಡು ಸಾಯುತ್ತವೆ. ಒಂದಾದ ಮೇಲೊಂದು ಸತ್ತವು.

ಎರಡನೇ ತಿಂಗಳಲ್ಲಿ ಈಜು ಮೇಷ್ಟ್ರು ಅವಳಿಗೆ ಹೇಳಿಕಳಿಸಿದರು. ಮಾಮೂಲಿ ಕೀಮೋ ನಡೆದಿತ್ತು, ತೋಳುಗಳು ಬತ್ತಿದ್ದವು. ಪಿತ್ತ ಹರಿಯಲು ದಾರಿ ಮಾಡುವ ಒಂದು ಆಪರೇಷನ್ನು ಮರುದಿನ ಇತ್ತು.

“ಸಿಟ್ಟು ಹೋಗಿಲ್ಲ, ತಿಳ್ಕೋ,” ಎಂದರು. “ಆದ್ರೆ ಕೊಯ್ಯೋದು ಹೇಗೂ ಕೊಯ್ತಾರೆ. ಒಂದು ಚೂರು ತಗೋ. ಈ ಸಲ ಹೆಸರು ಸರಿಯಾಗಿ ಬರ್ಕೋ.”

ಅವಳು ತಗೊಂಡಳು. ಡಬ್ಬಿಯ ಮೇಲೆ ಎರಡು ಕಡೆ ಬರೆದಳು. ಆ ಕೋಶಗಳು ಮೂರು ದಿನ ದಾಟಿದವು, ಒಂದು ವಾರ ದಾಟಿದವು, ಪುಟ್ಟ ಪುಟ್ಟ ದ್ವೀಪಗಳಾಗಿ ಹರಡಿದವು. ಸ್ಲೈಡಕ್ಕ ದಿನಾ ಬೆಳಿಗ್ಗೆ ಬಂದು ಇಣುಕುತ್ತಿದ್ದಳು. ಇಪ್ಪತ್ತಮೂರನೇ ದಿನ ಎಲ್ಲ ಕಳಚಿ ತೇಲಿದವು. ಮೇಷ್ಟ್ರು ತೀರಿಕೊಂಡದ್ದು ಅದಾಗಿ ಐದು ವಾರಕ್ಕೆ. ಕೋಶಗಳು ಉಳಿದಿಲ್ಲವೆಂದು ಅವಳು ಅವರಿಗೆ ಹೇಳಿದ್ದಳು. ಅವರ ಹತ್ತಿರ ಇನ್ನೊಂದು ತಪ್ಪು ಮಾತು ಬಿಟ್ಟುಬರಲು ಅವಳಿಗೆ ಮನಸ್ಸಿರಲಿಲ್ಲ. ಅವರು ಕೇಳಿ, ಈಜಲು ಬಂದವರೆಲ್ಲ ಮೊದಲ ದಿನವೇ ಕಲಿಯುವುದಿಲ್ಲ, ಮತ್ತೆ ಇಳಿಸು ಎಂದಿದ್ದರು.

ಹತ್ತೊಂಬತ್ತನೇ ರೋಗಿಯದ್ದು ಬೆಳೆಯಿತು. ಅವರನ್ನು ಅವಳು ನೋಡಿದ್ದೂ ಇಲ್ಲ. ಬೇರೆ ಆಸ್ಪತ್ರೆಯಿಂದ ಬಂದ ಚೂರು, ಹೆಂಗಸು, ನಲವತ್ತೇಳು ವರ್ಷ ಎಂದಷ್ಟೇ ಗೊತ್ತು. ಫ್ಲಾಸ್ಕಿನ ತಳದಲ್ಲಿ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣ ಸಣ್ಣ ಕೊಳವೆ ಕಟ್ಟಲು ಶುರುಮಾಡಿದವು. ಅವಳು ಮೊದಲು ಮಾಡಿದ ಕೆಲಸವೆಂದರೆ ಗುರುತಿನ ಪರೀಕ್ಷೆಗೆ ಕಳಿಸಿದ್ದು. ಆ ಹೆಂಗಸಿನ ರಕ್ತದ ಜೊತೆ ತಾಳೆ ಬಿತ್ತು. ಆಮೇಲೆ ಪ್ರೊಫೆಸರ ಔಷಧಿಯ ನಾಲ್ಕು ಹನಿ ಬಿಟ್ಟಳು. ಏನೂ ಆಗಲಿಲ್ಲ. ಎಂಟು ಹನಿ ಬಿಟ್ಟಳು, ಹದಿನಾರು ಬಿಟ್ಟಳು. ಕೋಶಗಳು ಸೊಪ್ಪು ಹಾಕಲಿಲ್ಲ.

ಅದನ್ನೇ ಅವಳು ಥೀಸಿಸ್ಸಾಗಿ ಬರೆದಳು. ಕೆಲಸ ಮಾಡದ ಔಷಧಿಯ ಮೇಲೆ ಥೀಸಿಸ್ಸೇ ಎಂದು ಪರೀಕ್ಷಕರಲ್ಲೊಬ್ಬರು ಮೂಗು ಮುರಿದರು. ಹೆಸರು ಬದಲಾಯಿಸಿದರೆ ಒಳ್ಳೆಯದು, ‘ಹದಿನೇಳು’ ಎಂಬ ಮಾತನ್ನು ಮುಖಪುಟದಿಂದಲಾದರೂ ತೆಗೆಯಿರಿ ಎಂದು ಡೀನರ ಕಚೇರಿಯಿಂದ ಎರಡು ಸಲ ಸೂಚನೆ ಬಂತು. ಎರಡು ಸಲವೂ ಅವಳು ಅದೇ ಮುಖಪುಟವನ್ನು ತಿರುಗಿ ಕಳಿಸಿದಳು. ಅಷ್ಟರಲ್ಲಿ ಪ್ರೊಫೆಸರು ತಮ್ಮ ಏಳು ಪ್ರಬಂಧಗಳಲ್ಲಿ ನಾಲ್ಕನ್ನು ತಾವೇ ಹಿಂದಕ್ಕೆ ಪಡೆದಿದ್ದರು. ಹಿಂದಕ್ಕೆ ಪಡೆದ ಕಾರಣದಲ್ಲಿ ಅವಳ ಹೆಸರಿರಲಿಲ್ಲ.

ವೈವಾ ದಿನ ಸಭಾಂಗಣ ತುಂಬಿತ್ತು. ಅರ್ಧ ಜನ ಜಗಳ ನೋಡಲು ಬಂದವರು. ಅಮ್ಮ ರಜೆ ಹಾಕಿ ಬಂದು ಮುಂದಿನ ಸಾಲಿನಲ್ಲಿ, ಕೌಂಟರಿನಲ್ಲಿ ಕೂರುವ ಹಾಗೇ ನೆಟ್ಟಗೆ ಕೂತಿದ್ದಳು. ಪ್ರೊಫೆಸರು ಹಿಂದಿನ ಸಾಲಿಗೆ ಬಂದು ಕೂತರು. ಪ್ರಶ್ನೆಗಳೆಲ್ಲ ಮುಗಿದವು ಎನ್ನುವಾಗ ಅವರು ಎದ್ದು ನಿಂತರು. ಒಬ್ಬ ರೋಗಿಯ ಕೋಶದಿಂದ ಎಲ್ಲ ರೋಗಿಗಳ ಬಗ್ಗೆ ತಪ್ಪು ತೀರ್ಮಾನಕ್ಕೆ ಬಂದೆವೆಂದು ನಮ್ಮನ್ನು ದೂರುತ್ತೀರಿ, ನೀವೂ ಒಬ್ಬಳದರಿಂದಲೇ ಹೇಳುತ್ತಿದ್ದೀರಲ್ಲ ಎಂದು ಕೇಳಿದರು. ಇಡೀ ದಿನದಲ್ಲಿ ಅದೇ ಗಟ್ಟಿ ಪ್ರಶ್ನೆ.

“ಹೌದು ಸಾರ್,” ಎಂದಳು ಜೋಡಿ. “ಇನ್ನೂ ಹತ್ತಾದ್ರೂ ಬೆಳೀಬೇಕು. ಅಲ್ಲೀ ತನಕ ನನಗೆ ಗೊತ್ತಿಲ್ಲ ಅಂತಾನೇ ಬರೆದಿದೀನಿ. ನೂರಾ ಮೂವತ್ತೊಂದನೇ ಪುಟ.”

ಅವರು ತಲೆಯಾಡಿಸಿ ಕೂತರು. ಆ ತಲೆಯಾಡಿಸುವಿಕೆಗೆ ಏನರ್ಥವೆಂದು ಅವಳಿಗೆ ತಿಳಿಯಲಿಲ್ಲ. ಹೊರಗೆ ಬಂದಾಗ ಅವರು ಹೊರಟುಹೋಗಿದ್ದರು. ಅಮ್ಮ ಯಾರಿಗೋ ಫೋನಿನಲ್ಲಿ ಆಯ್ತು ಎನ್ನುತ್ತಿದ್ದಳು. ಅತ್ತ ಕಡೆಯವರು ಏನೋ ಕೇಳಿದರು. ಇಲ್ಲ, ಇನ್ನೂ ಎರಡು ವರ್ಷ ಇದೆ ಎಂದು ಅಮ್ಮ ಜೋರಾಗಿಯೇ ಹೇಳಿದಳು, ನಾಚಿಕೆಯೇನೂ ಪಡದೆ.

ಇಪ್ಪತ್ತಾರರ ಹೊಸ್ತಿಲಲ್ಲಿ ಜೋಡಿ ಮತ್ತೆ ವಾರ್ಡಿಗೆ ಬಂದಳು. ಜೊತೆಗಿದ್ದ ವಿದ್ಯಾರ್ಥಿಗಳು ಅವಳಿಗಿಂತ ಐದಾರು ವರ್ಷ ಚಿಕ್ಕವರು. ಮೊದಲ ದಿನ ಒಬ್ಬಳು ಅವಳನ್ನು ಪಾಠ ಮಾಡುವ ಮೇಡಂ ಎಂದುಕೊಂಡು ಎದ್ದು ನಿಂತಳು. ಒಂದು ಕಾಲದ ಸಹಪಾಠಿ ಈಗ ಆ ವಾರ್ಡಿನ ಹಿರಿಯ ಡಾಕ್ಟರು. ಎರಡು ವರ್ಷ ಓದಿದ್ದೆಲ್ಲ ಅರ್ಧ ಮರೆತುಹೋಗಿತ್ತು. ಮೊದಲ ವಾರದಲ್ಲಿ ರಕ್ತ ತೆಗೆಯಲು ಹೋಗಿ ನರ ಸಿಗದೆ ಎರಡು ಸಲ ಚುಚ್ಚಿದಳು, ರೋಗಿಯ ಬೈಗುಳ ತಿಂದಳು, ಮೂರನೇ ಸಲ ಸರಿಹೋಯಿತು.

ವಾರ್ಡಿನ ಮುಖ್ಯಸ್ಥರು ರೌಂಡ್ಸಿನ ನಡುವೆ ಅವಳ ಮುಂದೆ ನಿಂತರು. ಸಂಶೋಧನೆಯ ಹುಚ್ಚು ಮುಗಿಯಿತಲ್ಲ, ಇನ್ನಾದರೂ ಪೂರ್ತಿ ಡಾಕ್ಟರಾಗಿ ಎಂದರು. ಸುತ್ತ ಇದ್ದವರು ನಕ್ಕರು.

ಸ್ಲೈಡಕ್ಕನ ಮೂಲೆಯಲ್ಲಿ ಈಗ ಇನ್ನೊಬ್ಬ ರೋಗಿಯ ಕೋಶಗಳೂ ಬೆಳೆಯುತ್ತಿವೆ, ಶನಿವಾರ ಡ್ಯೂಟಿ ಮುಗಿದ ಮೇಲೆ ತಾನು ಅಲ್ಲಿರುತ್ತೇನೆ ಎಂದಳು ಜೋಡಿ. ಅವರ ಹುಬ್ಬು ಮೇಲಕ್ಕೆ ಹೋಯಿತು. ಅದಕ್ಕೆ ಯಾರ ಅನುಮತಿ ಕೇಳಿದ್ದೀರಿ ಎಂದರು.

“ಕೇಳ್ತಾ ಇಲ್ಲ ಸಾರ್, ಹೇಳ್ತಾ ಇದೀನಿ,” ಎಂದಳು. “ವಾರ್ಡಿನ ಕೆಲಸ ಒಂದೂ ಬಾಕಿ ಇರಲ್ಲ. ಇದ್ದರೆ ಅವತ್ತು ಕೇಳಿ.”

ಅವರು ಅವಳನ್ನೊಮ್ಮೆ, ಅವಳ ಕೈಯಲ್ಲಿದ್ದ ಕೇಸ್ ಶೀಟುಗಳನ್ನೊಮ್ಮೆ ನೋಡಿದರು. ಆಮೇಲೆ ಆರನೇ ಹಾಸಿಗೆಯ ರೋಗಿಯ ವಿವರ ಹೇಳಿ ಎಂದರು. ಜೋಡಿ ಶೀಟು ತೆರೆಯದೆಯೇ ಹೇಳತೊಡಗಿದಳು.